ತಿಥಿಗೆ ಎರಡು ಗಳಿಗೆ

ಭಾನುವಾರ ರಾತ್ರಿ ಒಂಬತ್ತರ ಸುಮಾರಿಗೆ
ಗ್ರೂಪಿನಲ್ಲಿ ಪಟ್ಟಿ ಬೀಳುತ್ತದೆ.
ಸೋಮ: ಹತ್ತರಿಂದ ಹನ್ನೆರಡು, ಆರರಿಂದ ಎಂಟು.
ಮಂಗಳ: ಖಾಲಿ.
ಬುಧ: ಹತ್ತರಿಂದ ಹನ್ನೆರಡು, ಆಮೇಲೆ ಒಂದು ಪ್ರಶ್ನೆಗುರುತು.
ಶುಕ್ರವಾರದ ಮನೆಯಲ್ಲಿ ಮಂದಾ ತಾಂಡೇಲ ಅನ್ನುವ ನನ್ನನ್ನು
ದೀರ್ಘ ಬಿಟ್ಟು 'ಮಂದ' ಅಂತ ಬರೆದಿದ್ದಾರೆ.
ಇರಲಿ. ಮೊಟಕಾದದ್ದು
ಹೆಸರೊಂದೇ ಆಗಿದ್ದರೆ ಕೇಳುತ್ತಿದ್ದೆ.

ವಾರಕ್ಕೆ ಇಪ್ಪತ್ತು. ಅದರ ಮೇಲೆ ಒಂದು ನಿಮಿಷವಿಲ್ಲ.
ಇಪ್ಪತ್ತೊಂದಾದರೆ ಏನಾಗುತ್ತದೆ, ಅಂದೆ ಒಮ್ಮೆ.
ಸೂಪರ್‌ವೈಸರ್ ರಾಯ್ಕರ್, ಇನ್ನೂ ಮೀಸೆ ದಪ್ಪವಾಗದ ಹುಡುಗ,
'ನಂಗೂ ಗೊತ್ತಿಲ್ಲ ಅಕ್ಕಾ,
ಕಂಪ್ಯೂಟರ್ ಕೆಂಪಾಗ್ತದೆ' ಅಂದ.

ಹೆಬ್ಬೆರಳು ಇಡುವ ಯಂತ್ರಕ್ಕೆ ನನ್ನ ಗುರುತು ಹತ್ತುವುದಿಲ್ಲ.
ಖಾಲಿ ದಿನಗಳಲ್ಲಿ ಬೈತಖೋಲದಲ್ಲಿ
ಸಿಗಡಿ ಸುಲಿದು ಸುಲಿದು ಗೆರೆ ಸವೆದಿದೆ.
ಮತ್ತೊಮ್ಮೆ ಇಡಿ, ಅನ್ನುತ್ತದೆ.
ಚೂಡಿದಾರಕ್ಕೆ ಒರೆಸಿ ಇಡುತ್ತೇನೆ. ಮತ್ತೊಮ್ಮೆ ಇಡಿ.
ಇಟ್ಟದ್ದೇ ಇಟ್ಟದ್ದು, ಏಳು ನಿಮಿಷ
ಯಾರ ಲೆಕ್ಕಕ್ಕೂ ಸೇರದೆ ಬಾಗಿಲಲ್ಲಿ ನಿಂತಿರುತ್ತದೆ.

ಇನ್ನು ಆ ನಡುವಿನ ಆರು ಗಂಟೆ.
ಸದಾಶಿವಗಡಕ್ಕೆ ಹೋಗಿ ಬಂದರೆ
ಬಸ್ಸಿಗೇ ಅರ್ಧ ಗಂಟೆಯ ದುಡಿಮೆ.
ಹಾಗಾಗಿ ಗಾಳಿಮರದ ಕೆಳಗೆ ಡಬ್ಬಿ ಬಿಚ್ಚುತ್ತೇನೆ,
ಏಪ್ರನ್ ಮಡಚಿ ತಲೆಗೆ ಇಟ್ಟುಕೊಳ್ಳುತ್ತೇನೆ,
ನಿದ್ದೆ ಬಂದರೆ ಬಂತು.
ಎದುರಿಗೆ ಸಮುದ್ರ. ಅದಕ್ಕೂ ದಿನಕ್ಕೆ ಎರಡು ಪಾಳಿ.

ಆದರೆ ಅದು ಹೇಳಿ ಬರುತ್ತದೆ.
ಅಪ್ಪ ರಾಂಪಣಿ ಎಳೆಯುತ್ತಿದ್ದವ, ಗಡಿಯಾರ ಕಟ್ಟಿದವನಲ್ಲ,
ಬೆರಳು ಮಡಚಿ ಹೇಳುತ್ತಿದ್ದ:
ಅಮಾಸೆ ಹುಣ್ಣಿಮೆಗೆ ಹನ್ನೆರಡಕ್ಕೆ ತುಂಬು ಭರತಿ,
ಅಲ್ಲಿಂದ ಮುಂದೆ ತಿಥಿಗೆ ಎರಡು ಗಳಿಗೆ.
ನಾನು ಆಗ ನಾಲ್ಕನೇ ಇಯತ್ತೆ.
ಅವನು ತಿಥಿ ಹೇಳುವುದು, ನಾನು ಗುಣಿಸುವುದು.
ತಪ್ಪಿದರೆ ದೋಣಿಯವರೆಲ್ಲ ನಗುತ್ತಿದ್ದರು.

ಕಳೆದ ತಿಂಗಳು ನಗೀನಾಳ ಮಗುವಿಗೆ ಜ್ವರ.
ಎರಡು ದಿನ ಬರಲಿಲ್ಲ.
ಮುಂದಿನ ಪಟ್ಟಿಯಲ್ಲಿ ಅವಳ ಹನ್ನೆರಡು ಆರಾಗಿತ್ತು,
ನನ್ನ ಹದಿನಾಲ್ಕು ಇಪ್ಪತ್ತು.
ಕೂಡಿ ಕಳೆಯುವುದು ನನಗೆ ಬೇಕಿರಲಿಲ್ಲ.
ಬಿಲ್ಲು ಹೊಡೆಯುವ ಕೈ, ಅದೇ ಕಳೆಯಿತು.

ಆ ಗುರುವಾರ ಸಂಜೆ ಅವಳು
ನನ್ನ ಕೌಂಟರಿನ ಸಾಲಿನಲ್ಲೇ ನಿಂತಳು.
ಎರಡು ಕಿಲೋ ಕುಚ್ಚಲಕ್ಕಿ. ಪುಟ್ಟ ಡಬ್ಬ ಗ್ಲುಕೋಸ್.
ಒಂದು ಸಾಬೂನು, ಎತ್ತಿ ಇಟ್ಟು, ಮತ್ತೆ ಎತ್ತಿದ್ದು.
ಜ್ವರ ಹೇಗಿದೆ, ಅನ್ನಬೇಕು.
ತಲೆಯ ಮೇಲೆ ಕ್ಯಾಮೆರಾ.
'ಬ್ಯಾಗ್ ಬೇಕಾ ಮೇಡಂ?' ಅಂದೆ.
ಅವಳು ನನ್ನನ್ನು ನೋಡಿದಳು,
ಆಮೇಲೆ ಜೋರಾಗಿ ನಕ್ಕಳು, ಹಿಂದಿನವರು ತಿರುಗುವಷ್ಟು.
ತನ್ನ ಚೀಲದಿಂದ ಅಂಗಡಿಯದೇ ಹಸಿರು ಏಪ್ರನ್ ತೆಗೆದು
ಅಕ್ಕಿ, ಗ್ಲುಕೋಸ್ ಅದರಲ್ಲೇ ಗಂಟು ಕಟ್ಟಿದಳು.
ಸಾಬೂನು ಕೌಂಟರಿನಲ್ಲೇ ಉಳಿಯಿತು.
ಬಿಲ್ಲು ಆಗಿಹೋಗಿತ್ತು; ಮರೆತಳೋ, ಬಿಟ್ಟಳೋ.

ರಾಯ್ಕರನಿಗೆ ಹೇಳಿದೆ:
ನನ್ನದರಲ್ಲಿ ಮೂರು ಅವಳಿಗೆ ಹಾಕು.
'ಹಾಗೆ ಹಾಕಲಿಕ್ಕೆ ಬರೂದಿಲ್ಲ ಅಕ್ಕಾ,
ಅದೇ ಹಾಕ್ತದೆ' ಅಂದ.
ಅದು ಯಾರು ಅಂತ ಇಬ್ಬರೂ ಕೇಳಿಕೊಳ್ಳಲಿಲ್ಲ.

ಸಾಬೂನು ಇನ್ನೂ ನನ್ನ ಡಬ್ಬಿಯ ಚೀಲದಲ್ಲಿದೆ,
ಅನ್ನಕ್ಕೆ ಮಲ್ಲಿಗೆಯ ವಾಸನೆ ಹತ್ತುತ್ತಿದೆ.
ಕೊಡಬೇಕೆಂದರೆ ನಮ್ಮಿಬ್ಬರ ಪಾಳಿ
ಒಂದೇ ಹೊತ್ತಿಗೆ ಬೀಳಬೇಕಲ್ಲ.

ಇವತ್ತು ಭಾನುವಾರ. ಒಂಬತ್ತು ದಾಟಿ ಇಪ್ಪತ್ತು.
ಮೊಬೈಲು ಅನ್ನದ ತಪ್ಪಲೆಯ ಪಕ್ಕದಲ್ಲಿ ಸುಮ್ಮನಿದೆ.
ಷಷ್ಠಿ. ಆರೆರಡಲೆ ಹನ್ನೆರಡು ಗಳಿಗೆ,
ಐದಕ್ಕೆ ಹನ್ನೆರಡು ನಿಮಿಷ ಇರುವಾಗ ತುಂಬಿತ್ತು.
ನಾಳೆ ಸಪ್ತಮಿ: ಐದೂವರೆಯ ಮೇಲೆ ಆರು ನಿಮಿಷ.
ನನ್ನದು ಎಷ್ಟಕ್ಕೋ,
ಇನ್ನೂ ಬಂದಿಲ್ಲ.