ಆವಾಜ ಕಡಿಮಿ ಮಾಡು

ಮೂವತ್ತೊಂದು ವರ್ಷದ ಧಂದೆ ನಂದು, ಮೈಕ್‌ಸೆಟ್ಟು.
ದಸ್ತಗೀರನ ಹಾರ್ನು ಇಲ್ಲದ ಗುಳೇದಗುಡ್ಡದಾಗ
ಲಗ್ನ ಆಗಿಲ್ಲ, ಮೊಹರಮ್ಮ ಆಗಿಲ್ಲ,
ಸೊಸೈಟಿ ಇಲೆಕ್ಷನ್ನೂ ಆಗಿಲ್ಲ.
ಏನೇನು ಮಾತಾಡ್ಯಾರ ಮಂದಿ ಅದರಾಗ!
ಕಾಕಾನ ಹೊಲ ನುಂಗಿದಾಂವ ಒಬ್ಬ
ಸಮಾಜಸೇವಾ ಅಂತ ಒಂದು ತಾಸು ಒದರಿದಾಗೂ
ಯಾರೂ ಅಂದಿರಲಿಲ್ಲ ನನಗ,
ಆವಾಜ ಕಡಿಮಿ ಮಾಡು.

ಆವತ್ತು ನೇಕಾರ ಭವನದಾಗ
ದವಾಖಾನಿ ಡಾಕ್ಟರಬಾಯಿ ಕರೆಸಿದ ಸಭಾ.
ನೀಲವ್ವ ಬರಗುಂಡಿ ಎದ್ದು ಬಂದಳು,
ಕುಣಿಮಗ್ಗದಾಗ ಖಣ ನೇಯೂ ಹೆಣ್ಣಮಗಳು.
ಮೈಕು ಆಕಿ ಬಾಯಿಗಿಂತ ಒಂದು ಗೇಣು ಮ್ಯಾಲಿತ್ತು.
ನಾ ಹೋಗಿ ಇಳಿಸಿದೆ.
ಸ್ಟ್ಯಾಂಡು ಹಿಡಕೊಂಡು ನಿಂತಳು,
ತುಂಬಿದ ಬಸ್ಸಿನಾಗ ಕಂಬಿ ಹಿಡದಂಗ.

"ನಾಕು ವರ್ಷದ ಹಿಂದ," ಅಂದಳು,
"ನಾ ಸಾಯಾಕ ಹೋಗಿದ್ದೆ.
ಉಳದೇನಿ.
ಉಳದ ಮ್ಯಾಲ ಏನಾತು, ಅದನ್ನ ಹೇಳಾಕ ಬಂದೀನಿ."

ಫ್ಯಾನು ತಿರುಗೂದು ಕೇಳಿಸ್ತು.
ಹಿಂದಿನ ಸಾಲಿನಾಕಿ ಕೂಸಿನ ಕಿವಿ ಮುಚ್ಚಿದಳು,
ಇನ್ನೂ ಹಲ್ಲು ಬರದಿದ್ದ ಕೂಸು.
"ತಂಗಿ ಲಗ್ನಕ್ಕ ಬಂದಾಳ, ಅಷ್ಟರ ಬುದ್ಧಿ ಬ್ಯಾಡೇನು?"
"ಕೇಳಿ ಕೇಳಿ ಹುಡುಗರು ಇದನ್ನ ಕಲೀತಾವ."
"ಏನ್ ಧೈರ್ಯರೀ ಆಕಿದು!" ಅಂತ ಚಪ್ಪಾಳಿ ಹೊಡದಾಂವ
ಆಕಿ ಖಾಲಿ ಕುರ್ಚಿಯಿಂದ ಒಂದು ಕುರ್ಚಿ ಆಚೆ ಸರದ.
ಮಾಸ್ತರೊಬ್ಬರು ಎದ್ದು ಕಾರಣ ಕೇಳಿದರು.
ಆಕಿ ಹೇಳಿದಳು.
ಸಾಲಲಿಲ್ಲ ಅವರಿಗೆ, ನಿಂತೇ ಇದ್ದರು,
ಖಣದ ಗಿರಾಕಿ ಅಡ್ಡಾ ತಿಡ್ಡಾ ತಿರುವಿ
ಗಂಟು ಎಲ್ಲೈತಿ ಅಂತ ಹುಡುಕಿದಂಗ.
"ಹೆಂಗ ಮಾಡಕೊಂಡಿ?" ಅಂದ ಇನ್ನೊಬ್ಬ, ಮುಂದಕ್ಕ ಬಗ್ಗಿ.
ಅವಗ ಆಕಿ ಉತ್ತರ ಕೊಡಲಿಲ್ಲ.

"ಉಳದು ಬಂದಾಗ
ಬೀಗರು ಬಾಳೆಹಣ್ಣು ತಂದರು,
ಹೊಚ್ಚಲದ ಮ್ಯಾಲ ಇಟ್ಟು ಹೋದರು.
ಎದುರಮನಿ ಶಂಕ್ರವ್ವ ಒಬ್ಬಾಕಿ ಒಳಗ ಬಂದಳು.
ಮೊರದ ತುಂಬ ಹುಣಸಿಹಣ್ಣು ತಂದು
ಬೀಜ ಬಿಡಿಸಕೋತ ಕುಂತಳು, ದಿನಾ.
ಏನೂ ಕೇಳಲಿಲ್ಲ.
ಮೂರನೇ ವಾರಕ್ಕ ನಾನೂ ಒಂದು ಹಣ್ಣಿಗೆ ಕೈ ಹಚ್ಚಿದೆ.
ಅವತ್ತ..."

ಅಷ್ಟೊತ್ತಿಗೆ ಅಧ್ಯಕ್ಷರ ಕೈ
ನನ್ನ ಕಡೆ ನೋಡಿ ಗಾಳಿಯನ್ನ ಕೆಳಗ ಒತ್ತಿತು,
ಕೆಳಗ, ಇನ್ನೂ ಕೆಳಗ.
ಹೊರಗ ಬಜಾರದ ಮಂದಿ ಕೇಳತಿದ್ದರು.
ನಾ ಗುಂಡಿ ತಿರುವಿದೆ.
ಹೌದು, ತಿರುವಿದೆ. ಬಾಡಿಗಿ ಕೊಡಾವರು ಅವರು.
ಹುಣಸಿಹಣ್ಣಿನ ಮುಂದಿನ ಮಾತು
ಮೊದಲ ಎರಡು ಸಾಲಿಗಷ್ಟ ಮುಟ್ಟಿತು.
ನನಗೂ ಮುಟ್ಟಲಿಲ್ಲ.

ಸಭಾ ಮುಗದು, ಕುರ್ಚಿ ಮಡಚಿ,
ನಾನೂ ಯಮನೂರನೂ ವಾಯರು ಸುತ್ತಾಕ ಕುಂತಿವಿ.
ಹದಿನೇಳರ ಹುಡುಗ. ಎರಡು ವರ್ಷ ಆತು ನನ್ನ ಜೋಡಿ.
ಚಾದಾಗ ಎಷ್ಟು ಸಕ್ರಿ ಬೇಕು ಅವಗ, ಗೊತ್ತೈತಿ.
ಯಾವ ಹಾಡಿಗೆ ಕಾಲು ಕುಣೀತಾವ, ಗೊತ್ತೈತಿ.
"ಕಾಕಾ," ಅಂದ, "ನಾ ಹೊರಗ ಹಾರ್ನಿನ ಬುಡಕ ನಿಂತಿದ್ದೆ.
ನಡುವ ಆವಾಜ ಹೋತು.
ಆಮ್ಯಾಲ ಏನಂದಳು ಆಕಿ?"

ನಿನಗ್ಯಾಕಲೇ ಅದೆಲ್ಲ,
ಅನ್ನೂ ಮಾತು ನಾಲಿಗಿ ತುದಿತನಕ ಬಂತು.
ನೋಡಿದರ, ತಲಿ ಎತ್ತಿರಲಿಲ್ಲ ಅಂವ.
ಸುತ್ತಿದ ವಾಯರನ್ನ ಬಿಚ್ಚಿ
ಮತ್ತ ಸುತ್ತತಿದ್ದ.

ಆಂಪ್ಲಿಫಾಯರು ಇನ್ನೂ ಬೆಚ್ಚಗಿತ್ತು. ನೆಲಕ್ಕ ಇಟ್ಟೆ.
ಬೀಗ ಹಾಕಾಕ ಬಂದ ವಾಚ್‌ಮನ್‌ಗ
ಅರ್ಧ ತಾಸು ತಡಿ ಅಂದೆ.
"ನನಗೂ ಕೇಳಿಸಲಿಲ್ಲೋ ತಮ್ಮಾ.
ನಾನ ಕಡಿಮಿ ಮಾಡಿದ್ದು.
ಆಕಿ ಮನಿ ಗೊತ್ತೈತಿ, ನಾಳೆ ಇಬ್ಬರೂ ಹೋಗಿ ಕೇಳೂಣು."

ವಾಯರಿನ ಆ ತುದಿ ಹಿಡಕೊಂಡು
ಅವನ ಬಾಜೂಕ ಸರದು ಕುಂತೆ.
"ಇವತ್ತ ನೀ ಹೇಳು.
ಮೈಕು ಬಂದ್ ಐತಿ."