ಅಡ್ಡಕ್ಕೆ

ಬಳೆಪೆಟ್ಟಿಗೆಯ ಒಳಮೈಯಿಂದ ಕತ್ತರಿಸಿದ
ಅಂಗೈಯಗಲದ ಮಖಮಲ್ಲು.
ಪಾಲಿಮರ್ ಬಳಿದ ಗಾಜನ್ನು ಒಂದೇ ದಿಕ್ಕಿಗೆ ನಲವತ್ತು ಸಲ ಉಜ್ಜಿದೆ.
ಹಿಂದಕ್ಕೆ ಎಳೆಯಬಾರದು,
ಬೆಕ್ಕಿನ ಬೆನ್ನು ಸವರಿದ ಹಾಗೆ, ಅಂತ ಲೋಬೊ ಮೇಡಂ.
ಅದರ ಮೇಲೆ ಪುನರ್ಪುಳಿ ಸಾರಿನ ಬಣ್ಣದ ಪದರ,
ಕೂದಲೆಳೆಯ ಸಾವಿರದಲ್ಲೊಂದು ಪಾಲು ದಪ್ಪ.

ಕೊಣಾಜೆಯಲ್ಲಿ ಜೂನ್. ಗೋಡೆಯೇ ಬೆವರುವ ತಿಂಗಳು.
ನಮ್ಮ ಎಲೆಕ್ಟ್ರಾನಿಗೆ ನೀರಾವಿ ಆಗುವುದಿಲ್ಲ;
ಉಸಿರಿನಷ್ಟು ತಾಗಿದರೂ ಅಲ್ಲೇ ಕೂತುಬಿಡುತ್ತದೆ,
ಬಸ್‌ಸ್ಟ್ಯಾಂಡಿನಲ್ಲಿ ನೆಂಟರು ಸಿಕ್ಕಿದ ಚಿಕ್ಕಮ್ಮನಂತೆ.
ಹಾಗಾಗಿ ನೈಟ್ರೋಜನ್ ತುಂಬಿದ ಪೆಟ್ಟಿಗೆಯೊಳಗೆ
ಮೊಣಕೈವರೆಗೆ ರಬ್ಬರ್ ತೊಟ್ಟು
ಸೂಜಿ ಇಳಿಸಿದೆ.

ಉಜ್ಜಿದ ಉದ್ದಕ್ಕೆ ಅಳೆದೆ: ಕರೆಂಟು ಇದೆ ಅನ್ನುವಷ್ಟು.
ಅಡ್ಡಕ್ಕೆ ಅಳೆದೆ: ಎಂಟು ಪಟ್ಟು.
ಗಾಜನ್ನೇ ತಿರುವಿ ಇಟ್ಟೆನೋ ಅಂತ
ಮೂಲೆಯ ಶಾಯಿಗುರುತು ನೋಡಿದೆ. ಸರಿಯಾಗೇ ಇತ್ತು.
ಮತ್ತೊಂದು ಗಾಜು. ಮತ್ತೂ ಅಡ್ಡಕ್ಕೇ.
"ಎಂತ ಮಾರಾಯ್ತಿ, ಬೆಕ್ಕು ಉಲ್ಟಾ ಉಂಟಾ?"
ಪಕ್ಕದ ಮೇಜಿನ ಇಮ್ತಿಯಾಜ್.

ಸಂಜೆ ದಕ್ಕೆಗೆ ಹೋದೆ, ಸಂಕಪ್ಪ ಮಾವನಿಗೆ ಬುತ್ತಿ ಕೊಡಲು.
ಮೀನುಗಾರಿಕೆ ನಿಂತ ಕಾಲ. ಬೋಟುಗಳೆಲ್ಲ
ಮೈಗೆ ಮೈ ತಾಗಿಸಿ ಕಟ್ಟಿಸಿಕೊಂಡಿದ್ದವು,
ಮೂತಿಗಳೆಲ್ಲ ಒಂದೇ ಕಡೆಗೆ.
ಮಾವ ಇಪ್ಪತ್ತನೆಯದರಲ್ಲಿ, ಇಂಜಿನ್ನಿನ ಹೊಟ್ಟೆ ಬಿಚ್ಚಿಕೊಂಡು.
ನಡುವೆ ಮೊಳದಷ್ಟು ನೀರು, ಡೀಸೆಲಿನ ಕಾಮನಬಿಲ್ಲು.
"ತಡೆ," ಅಲ್ಲಿಂದಲೇ ಕೂಗಿದರು, "ಹಾರಬೇಡ.
ಅಲೆ ಬರ್ಲಿ. ಅದೇ ತಂದು ಕೊಡ್ತದೆ."
ಬಂತು. ಬೋಟಿಗೆ ಬೋಟು ಒರಗಿತು, ನಡುವಿನ ಟಯರು ಕಿರುಗುಟ್ಟಿತು.
ದಾಟಿದೆ. ಕಾದೆ. ದಾಟಿದೆ.
ಒಂದರಲ್ಲಿ ಐಸಿನ ಗುಂಡಿಗೆ ಕಾಲು ಜಾರಿ
ಮೇಲೆ ಬರಲು ಹೊತ್ತಾಯಿತು.

ಹಿಂದೆ ಇನ್ನೊಂದು ಸಾಲು.
ಅದರ ಮೂತಿಗೂ ಇದರ ಬಾಲಕ್ಕೂ ನಡುವಿನ ನೀರು
ಯಾವ ಅಲೆಗೂ ಮುಚ್ಚುವಂಥದ್ದಲ್ಲ.
ಆ ಕಡೆಯಿಂದ ಯಾರೂ ದಾಟುವುದಿಲ್ಲ.

ಹದಿಮೂರನೆಯ ಬೋಟಿನ ಅಂಚಿನಲ್ಲಿ
ಎತ್ತಿದ ಕಾಲು ಹಾಗೇ ನಿಂತಿತು.
ಮಖಮಲ್ಲಿನಿಂದ ನಾನು ಎಳೆದದ್ದು ದಾರಿಯನ್ನಲ್ಲ,
ಅಣುಗಳ ಮೂತಿ ಯಾವ ಕಡೆ ಎಂಬುದನ್ನಷ್ಟೆ.
ದಾರಿ ಅವುಗಳ ಪಕ್ಕೆಯಲ್ಲಿತ್ತು.

ಮಾವ ಗ್ರೀಸು ಒರೆಸಿಕೊಂಡು
ಗಂಜಿಗೆ ಒಣಮೀನಿನ ಚಟ್ನಿ ಕಲಸುತ್ತ ಎಲ್ಲ ಕೇಳಿದರು.
"ಅದಕ್ಕೂ ಅಲೆ ಬರ್ತದಾ?"
"ಬರ್ತದೆ ಮಾವ. ಅಲ್ಲಿ ಅದರ ಹೆಸರು ಸೆಕೆ."
"ಹಾಗಾದ್ರೆ ಮಂಗಳೂರಲ್ಲಿ ಅದಕ್ಕೆ ಎಂತ ತೊಂದ್ರೆಯೂ ಇಲ್ಲ."

ನೀರಾವಿಯ ವಿಷಯ ನಾನು ಎತ್ತಲಿಲ್ಲ.