ಅಲುಗದ ಅಲಗು

ಹತ್ತು ಗಂಟೆಗೆ ಬಂದಳು, ರಬ್ಬರ್ ಬೂಟಿನಲ್ಲೇ,
ಕಂಬಾದೋಸಿನ ತೆಪ್ಪಗಳಲ್ಲಿ ದುಡಿಯುವ ಉಷೀಯಾ.
ಆಗಷ್ಟೇ ಒರೆಸಿದ ನೆಲಕ್ಕೆ ಎರಡು ಸಾಲು ಉಪ್ಪುನೀರು.
"ಮಡಿಚುವ ಚಾಕು ಬೇಕು, ಎಲಾದಿಯೋ.
ತೆರೆದರೆ ಅಗುಳಿ ಬೀಳಬೇಕು.
ಅಲಗು ಅಲುಗಬಾರದು."

ಮೂವತ್ತೊಂದು ವರ್ಷದಿಂದ ಚಾಕು ಮಾರುತ್ತಿದ್ದೇನೆ.
ಬಂದವರು ಹಿಡಿಯ ಬಣ್ಣ ಕೇಳುತ್ತಾರೆ, ಉಕ್ಕಿನ ಹೆಸರು ಕೇಳುತ್ತಾರೆ,
ಮೀಸೆ ಚಿಗುರದ ಹುಡುಗರಿಗೆ
ಒಂದೇ ಬೆರಳಿಗೆ ಟಕ್ಕನೆ ತೆರೆದುಕೊಂಡರೆ ಸಾಕು.
ಇವಳು ಮಾತ್ರ
ಇರಬೇಕಾದ್ದನ್ನಲ್ಲ, ಇರಬಾರದ್ದನ್ನು ಕೇಳಿದಳು.

ಮೊದಲು ಅಲ್ಬಸೇತೆಯದನ್ನು ತೆಗೆದೆ,
ಕೊಂಬಿನ ಹಿಡಿ, ಹಿತ್ತಾಳೆ ಕಟ್ಟು, ತೆರೆಯುವಾಗ ಕರಕರ ಹಾಡು.
ಹಾಡು ಅವಳಿಗೆ ಬೇಡ.
ಹಿಡಿಯನ್ನು ಮುಷ್ಟಿಯಲ್ಲಿಟ್ಟು, ತುದಿಯನ್ನು ಚಿವುಟಿ ಹಿಡಿದು,
ಕಲ್ಲಂಗಡಿ ತಟ್ಟಿ ಕೇಳುವವರ ಹಾಗೆ ಕಿವಿಗಿಟ್ಟುಕೊಂಡು
ಎಡಕ್ಕೆ, ಬಲಕ್ಕೆ.
ಆಮೇಲೆ ಮೇಲಕ್ಕೆ, ಕೆಳಕ್ಕೆ.
ಲಟಕ್.
ಕೂದಲೆಳೆಯಷ್ಟು. ನನಗೂ ಕೇಳಿಸಿತು.

"ತಿರುಪು ಬಿಗಿದುಕೊಡುತ್ತೇನೆ" ಅಂದೆ.
"ಎಡಬಲದ್ದು ತಿರುಪಿನ ತಪ್ಪು, ಬಿಗಿದರೆ ಹೋದೀತು.
ಮೇಲೆ ಕೆಳಗಿನದು ಅಗುಳಿಯ ಸುಳ್ಳು" ಅಂದಳು,
"ಅದಕ್ಕೆ ನಿನ್ನಲ್ಲಿ ಮದ್ದಿಲ್ಲ."
ಇಲ್ಲ. ನಿಜ.

ಎರಡನೆಯದು ಕೊರಳಲ್ಲಿ ಉಂಗುರ ತಿರುಗುವ ಫ್ರೆಂಚ್ ಚಾಕು.
"ಮರ ನೀರು ಕುಡಿದು ಉಬ್ಬುತ್ತದೆ,
ತಿಂಗಳಲ್ಲಿ ಹಲ್ಲಿನಿಂದ ಎಳೆದು ತೆರೆಯಬೇಕು."
ಮೂರನೆಯದರ ತಿರುಪು ಬಿಗಿದೇ ಇತ್ತು.
ನೆಲ ಒರೆಸುವ ಬಕೆಟ್ಟಿನಲ್ಲಿ ಕೈ ಅದ್ದಿ
ಒದ್ದೆ ಹೆಬ್ಬೆರಳಲ್ಲಿ ನೂಕಿದಳು. ಬರಲಿಲ್ಲ.
ಸಡಿಲಿಸಿದೆ. ಬಂತು, ಅಲುಗಾಟವೂ ಜೊತೆಗೇ ಬಂತು.
ನಾಲ್ಕನೆಯದು ಅಪ್ಪಟ ಸುಂದರಿ,
ಆಲಿವ್ ಮರದ ಹಿಡಿ, ನೂರಾ ಹತ್ತು ಯೂರೋ.
ಮುಟ್ಟಲೂ ಇಲ್ಲ.

ಬಗ್ಗಿ ಕೆಳಗಿನ ಹಲಗೆಯಿಂದ ತಾನೇ ಒಂದನ್ನೆತ್ತಿದಳು,
ಮನಿಯಾಗೋದಿಂದ ಬಂದು ಆರು ವರ್ಷ ಧೂಳು ತಿಂದದ್ದು,
ಕಪ್ಪು ಪ್ಲಾಸ್ಟಿಕ್ ಹಿಡಿ, ಬೆನ್ನಲ್ಲಿ ಅಗುಳಿ, ದಪ್ಪ ಮೋರೆ.
ತೋರಿಸಲು ನನಗೇ ನಾಚಿಕೆ.
ತೆರೆದಳು: ಟೊಕ್.
ಬಾಗಿಲ ಚಿಲಕ ಗೂಡಿಗೆ ಕೂತಂಥ ಸದ್ದು.
ಚಿವುಟಿದಳು, ತಿರುಚಿದಳು, ಕಿವಿಗಿಟ್ಟಳು.
ಏನೂ ಇಲ್ಲ.
ಅಲಗಿನ ಬೆನ್ನನ್ನು ನನ್ನ ಮೇಜಿಗೆ ಮೂರು ಸಲ ಹೊಡೆದಳು,
ಮೇಜಿಗೆ ಮೂರು ಗಾಯ, ಚಾಕು ಜಪ್ಪಯ್ಯ ಅನ್ನಲಿಲ್ಲ.

ಆಗ ಕಂಡಿತು:
ಅವಳ ಬಲಗೈ ತೋರುಬೆರಳು ಮೊದಲ ಗೆಣ್ಣಿಗೇ ಮುಗಿದಿತ್ತು.

"ಜನವರಿಯಲ್ಲಿ," ಅಂದಳು, ನಾನು ಕೇಳದೆ,
"ಆರಾಳುದ್ದದ ಹಗ್ಗ, ತುಂಬ ಕಪ್ಪೆಚಿಪ್ಪು,
ತೆಪ್ಪದ ನೀಲಗಿರಿ ತೊಲೆಗೆ ಸಿಕ್ಕಿಕೊಂಡು ಎಳೆಯುತ್ತಿತ್ತು.
ಕೊಯ್ಯಲು ಕೂತೆ. ಚಾಕು ನನ್ನ ಮೇಲೇ ಮಡಿಚಿಕೊಂಡಿತು."
"ಯಾರ ಚಾಕು?"
"ನಿನ್ನದೇ. ಅಪ್ಪನಿಗೆ ಮಾರಿದ್ದೆಯಲ್ಲ, ಕೊಂಬಿನ ಹಿಡಿಯದು.
ಕೊಂಡ ದಿನವೇ ಸ್ವಲ್ಪ ಅಲುಗುತ್ತಿತ್ತಂತೆ.
ಪರವಾಗಿಲ್ಲ, ಪಳಗುತ್ತದೆ ಅಂದಿದ್ದೆಯಂತೆ."

ಸಿಟ್ಟಿಲ್ಲದ ದನಿ. ಮೀನಿನ ದರ ಹೇಳುವ ದನಿ.

ಮೂವತ್ತನಾಲ್ಕು ಯೂರೋ. ಬೇಡ ಅನ್ನಲು ಬಾಯಿ ತೆರೆದೆ,
ಅವಳಾಗಲೇ ನೋಟು ಇಟ್ಟಾಗಿತ್ತು.
ಚಿಲ್ಲರೆಯನ್ನು ಸೆಂಟೂ ಬಿಡದೆ ಎಣಿಸಿ ಕಿಸೆಗಿಳಿಸಿ
ಹೋದಳು.

ರಾತ್ರಿ ಬಾಗಿಲು ಹಾಕಿ
ಅಂಗಡಿಯ ಅಷ್ಟೂ ಚಾಕುಗಳನ್ನು ಒಂದೊಂದಾಗಿ ತೆರೆದೆ.
ಎಡ, ಬಲ, ಮೇಲೆ, ಕೆಳಗೆ.
ಮೂವತ್ತೆಂಟು ಲಟಕ್ ಅಂದವು.
ಶೂ ಡಬ್ಬಿಗೆ ಹಾಕಿ ಹಗ್ಗ ಬಿಗಿದೆ.
ಅದನ್ನೇನು ಮಾಡಬೇಕೋ, ಇನ್ನೂ ಗೊತ್ತಿಲ್ಲ.

ಮಲಗಿದ ಮೇಲೂ ಕೈ ಸುಮ್ಮನಿರಲಿಲ್ಲ,
ಮಂಚದ ಕಾಲು, ದೀಪದ ಕಂಬ, ಕಿಟಕಿಯ ತಿರುಗಣಿ.
ಕೊನೆಗೆ ನಾಲಿಗೆ ತಾನಾಗಿ ಹೋಗಿ
ಕೆಳಸಾಲಿನ ಹಲ್ಲೊಂದನ್ನು ನೂಕಿ ನೋಡಿತು:
ಎಡಕ್ಕೆ ಇದೆ. ಬಲಕ್ಕೂ.
ಮೇಲೆ ಕೆಳಗೆ
ಇನ್ನೂ ಇಲ್ಲ.